ಕಟ್ಟಿನ ಹಿಂಬದಿ

ಚಿತ್ರದ ಮುಂಬದಿ ಮನೆಯವರದು.
ಹಿಂಬದಿ ನನ್ನದು.
ಅರಸೀಕೆರೆ ರೈಲ್ವೆ ಗೇಟಿನ ಪಕ್ಕ, ಆರಡಿ ಅಂಗಡಿಯಲ್ಲಿ
ಮೂವತ್ತೊಂದು ವರ್ಷದಿಂದ ಕಟ್ಟು ಹಾಕುತ್ತಿದ್ದೇನೆ
ದೇವರಿಗೆ, ಡಿಗ್ರಿಗೆ, ಸತ್ತವರಿಗೆ.

ಗಾಜು ಒಡೆದು, ಗೆದ್ದಲು ಹತ್ತಿ
ಬಾಣಾವರದಿಂದ, ಕಣಕಟ್ಟೆಯಿಂದ, ಗಂಡಸಿಯಿಂದ
ಬರುತ್ತಾರೆ ಅಜ್ಜಂದಿರು
ಗೋಣಿಚೀಲದಲ್ಲಿ, ಬಸ್ಸಿನ ಸೀಟಿನ ಕೆಳಗೆ.
ಎಲ್ಲರೂ ವೀರಾಚಾರ್ ಮೇಷ್ಟ್ರು ಬರೆದವರು.
ಬಲಮೂಲೆಯಲ್ಲಿ ಕೆಂಪು ಮಸಿಯ, ಬಾಲ ಸುತ್ತಿದ 'ವೀ'.
ಬೆರಳಗಲದ ಮಸುಕು ಫೋಟೋ ಕೊಟ್ಟರೆ
ಇದ್ದಿಲ ಪುಡಿಯಲ್ಲಿ ಎದೆಮಟ್ಟ ಎಬ್ಬಿಸಿ ಕೂರಿಸುತ್ತಿದ್ದರಂತೆ.
ಕೋಟಿಗೆ ಎರಡು ರೂಪಾಯಿ ಜಾಸ್ತಿ. ಕನ್ನಡಕ ಪುಕ್ಕಟೆ.

ಮೊಳೆ ಕೀಳುತ್ತ ಕೀಳುತ್ತ
ಅನುಮಾನ ಹುಟ್ಟಿದ್ದು ಕಿವಿಯಿಂದ.
ಮೇಷ್ಟ್ರಿಗೆ ಬರುತ್ತಿದ್ದ ಕಿವಿ ಒಂದೇ:
ಮೇಲೆ ಅಗಲ, ಕೆಳಗೆ ಹಾಲೆಯೇ ಇಲ್ಲ,
ಕೆನ್ನೆಗೆ ಅಂಟಿಸಿದ ಲಕೋಟೆ.
ಶ್ಯಾನುಭೋಗರಿಗೂ ಅದೇ, ಕುರಿಮಂದೆಯ ಯಜಮಾನನಿಗೂ ಅದೇ,
ಬೆಂಡೋಲೆ ತೊಟ್ಟ ಮುತ್ತೈದೆಗೂ ಅದೇ.
ಓಲೆ, ಪಾಪ, ಗಾಳಿಯಲ್ಲಿ ತೂಗುತ್ತದೆ.

ಆದರೆ ಕೆಲವರಿಗೆ
ಅವರವರದೇ ಕಿವಿ.
ಎಮ್ಮೆ ಕೊಂಬಿಗೆ ಸಿಕ್ಕಿ ಹರಿದದ್ದು,
ಕಡುಕಿನ ಭಾರಕ್ಕೆ ಜೋತದ್ದು,
ಬೀಡಿ ಸಿಕ್ಕಿಸಿ ಸಿಕ್ಕಿಸಿ ಬಾಗಿದ್ದು.
ಅದೇ ಕಾಗದ, ಅದೇ ಇದ್ದಿಲು, ಮೂಲೆಯಲ್ಲಿ ಅದೇ 'ವೀ'.
ಕೈ ಮಾತ್ರ ಬೇರೆ.

ಹಾಲಿನ ಲೆಕ್ಕದ ಪುಸ್ತಕವೊಂದರಲ್ಲಿ ಗುರುತು ಹಾಕತೊಡಗಿದೆ.
ಇದುವರೆಗೆ ಇನ್ನೂರ ಹದಿನೆಂಟು ಮುಖ.
ಆ ಇನ್ನೊಂದು ಕೈಯವು ಮೂವತ್ತೇಳು.
ಎರಡರಲ್ಲಿ ಕಿವಿ ಮೇಷ್ಟ್ರದ್ದು, ಬೆರಳುಗಳು ಬೇರೆಯವರವು.
ಒಂದರಲ್ಲಿ ಏನೂ ಹೇಳಲಾರೆ: ಮಫ್ಲರು.

'ಒಬ್ಬ ಹುಡುಗ ಇದ್ದ, ನೀರು ತರ್ತಿದ್ದ' ಅಂದರು ಪೇಟೆಯಲ್ಲಿ.
'ಇದ್ದಿಲು ಅರೀತಿದ್ದ. ಹಂಗೇ ಎತ್ಲಾಗೋ ಹೋದ' ಅಂದರು ಜಾವಗಲ್ಲಿನಲ್ಲಿ.
ಒಬ್ಬರ ಬಾಯಲ್ಲಿ ನಂಜ, ಇನ್ನೊಬ್ಬರ ಬಾಯಲ್ಲಿ ಲಿಂಗ,
ಹಲ್ಲಿಲ್ಲದ ಒಬ್ಬಳು ಮಾತ್ರ, ಹುಡುಗ ಎಲ್ಲಿ ಬಂತು,
ಅದು ಆಚಾರ್ರ ತಂಗಿ ಮಗಳು ಕಣಪ್ಪ, ಎಂದಳು.
ನನ್ನ ಹೆಂಡತಿ ಸೊಪ್ಪು ಸೋಸುತ್ತ ಕೇಳಿದಳು:
'ವಯಸ್ಸಾದ ಮೇಲೆ ಮೇಷ್ಟ್ರಿಗೇ ಬುದ್ಧಿ ಬಂದಿರಬಾರದಾ?'
ಆ ರಾತ್ರಿ ಗೇಟು ಬಿದ್ದದ್ದು, ಎದ್ದದ್ದು
ಒಂದೂ ತಪ್ಪದೆ ಕೇಳಿಸಿತು.

ಮೊನ್ನೆ ಮೇಷ್ಟ್ರ ಮೊಮ್ಮಗಳು ಕಾಳಿಕಾಂಬ ಬಂದಳು,
ಹಳೇ ಸೀರೆಯಲ್ಲಿ ಸುತ್ತಿದ ಸಣ್ಣದೊಂದು.
ಸಹಿಯಿಲ್ಲ. ಸ್ಟೂಲಿನ ಮೇಲೆ ಮುದುಕ,
ಪಕ್ಕದಿಂದ ಕಂಡಂತೆ. ಮೂಗಿನ ತುದಿಗೆ ಕನ್ನಡಕ. ಉಗುರು ಕರಿ.
'ತಾತ. ತಾನೇ ಬರ್ಕೊಂಡಿದ್ದು ಅಂತಾರೆ ಮನೇಲಿ.'

ಕಿವಿ ನೋಡಿದೆ.
ಮೇಲೆ ಅಗಲ. ಹಾಲೆ ಇಲ್ಲ. ಲಕೋಟೆ.
ಸರಿ, ಮೇಷ್ಟ್ರ ಕಡೆಗೇ ಬರೆಯೋಣವೆಂದು ಪುಸ್ತಕ ತೆಗೆದೆ.
ಆಗ ಅವಳು ಕೂದಲು ಸರಿಸಿ ರಸೀತಿಗೆ ಬಗ್ಗಿದಳು.

ಅದೇ ಕಿವಿ.
ಇದ್ದಿಲಿನದಲ್ಲ, ಬಿಸಿಲಿಗೆ ಕೆಂಪಾದದ್ದು,
ಜಾಗವಿಲ್ಲದೆ ಓಲೆಯನ್ನು ಮೇಲಕ್ಕೆ ಚುಚ್ಚಿಸಿಕೊಂಡದ್ದು.
ನೋಡಿದ್ದು ಅವಳಿಗೆ ಗೊತ್ತಾಯಿತು. 'ನಮ್ಮ ವಂಶಕ್ಕೇ ಹಿಂಗೆ.'

ಅಯ್ಯೋ ಮೇಷ್ಟ್ರೇ,
ಕನ್ನಡಿಯಲ್ಲಿ ಒಂದು ಸಲ ಕಲಿತದ್ದನ್ನೇ
ಇಡೀ ತಾಲ್ಲೂಕಿಗೆ ಹಚ್ಚಿ ಕಳಿಸಿದಿರಾ?

ಮತ್ತೆ ಭೂತಗಾಜು ಹಿಡಿದು ಬಗ್ಗಿದೆ.
ಚಿತ್ರದ ಕಿವಿಯೊಳಗೆ
ಎರಡು ಬಿಳಿ ಕೂದಲು. ರಬ್ಬರಿನಿಂದ ಎತ್ತಿದ್ದು, ಎಳೆಯಷ್ಟು ಸಣ್ಣಗೆ.
ಹಿಂದೆ, ಪೆನ್ಸಿಲು ಸಿಕ್ಕಿಸುವ ಕಡೆ, ಒಂದು ತಗ್ಗು.
ತನ್ನ ಕಿವಿಯ ಹಿಂದು ತನಗೆ ಕಾಣದು.
ನೀರು ತಂದಿಟ್ಟು
ಪಕ್ಕದಲ್ಲಿ ನಿಂತವರಿಗೆ ಕಾಣುತ್ತದೆ.

'ತಾತಂದೇ ಅಲ್ವಾ?' ಅಂದಳು.
'ತಾತಂದೇ' ಅಂದೆ. ಕಿವಿ ಅವರದೇ ತಾನೆ.

ಹೊಸ ರಟ್ಟು ಕೂರಿಸುವ ಮುಂಚೆ
ಹಿಂಬದಿಯಲ್ಲಿ, ಮೆಲ್ಲಗೆ ಒತ್ತಿ, ಪೆನ್ಸಿಲಿನಲ್ಲಿ ಬರೆದೆ:
ಮೂವತ್ತೆಂಟು.
ಎಂಟು ಮೊಳೆ ಹೊಡೆದೆ.
ಗಾಜಿನ ದುಡ್ಡು ಮಾತ್ರ ತೆಗೆದುಕೊಂಡೆ.